ಮೀನು ಹಿಡಿಯೋಕೆ ಗಾಳಿ ಬೋಟ್ ತಗೊಂಡ ನನ್ನ ಅನುಭವ: ಮೂರನೇ ಮಹಡಿ, ಲಿಫ್ಟ್ ಇಲ್ಲ, ಕೆರೆ ತುಂಬಾ ಜಾಲಿ ಮುಳ್ಳು

ನಾನು ತಗೊಂಡಿದ್ದು ಪಾಂಟೂನ್ ಬೋಟ್. ಅದನ್ನ ನೋಡಿಲ್ದೇ ಇರೋರಿಗೆ ಮೊದ್ಲು ಹೇಳ್ಬಿಡ್ತೀನಿ, ಎರಡು ಉದ್ದ ಗಾಳಿ ಟ್ಯೂಬು, ಮಧ್ಯ ಪೈಪಿನ ಫ್ರೇಮು, ಅದರ ಮೇಲೆ ಒಂದು ಸೀಟು, ಆ ಕಡೆ ಈ ಕಡೆ ಹುಟ್ಟು, ಅಷ್ಟೇ. ಒಬ್ರೇ ಕೂತು ಕಾಲಿಗೆ ಫಿನ್ಸ್ (ಬಾತುಕೋಳಿ ಪಾದದ ಥರ ಅಗಲ ಇರೋ ರಬ್ಬರ್ ಚಪ್ಪಲಿ) ಹಾಕ್ಕೊಂಡು ಒದೀತಾ ಇದ್ರೆ ಬೋಟ್ ಮೆಲ್ಲಗೆ ಹೋಗ್ತಿರುತ್ತೆ (ಹೋಗೋದು ಹಿಂದಕ್ಕೆ, ಅಭ್ಯಾಸ ಆಗೋಕೆ ಸ್ವಲ್ಪ ಟೈಮ್ ಬೇಕು), ಎರಡು ಕೈನೂ ಗಾಳದ ರಾಡ್ ಹಿಡಿಯೋಕೆ ಖಾಲಿ. ಹರಿಗೋಲಲ್ಲಿ ಇದೇ ತೊಂದ್ರೆ, ಹುಟ್ಟು ಹಾಕೋಕೆ ಒಬ್ರು, ಗಾಳ ಹಾಕೋಕೆ ಒಬ್ರು ಬೇಕು, ಹುಟ್ಟು ಬಿಟ್ರೆ ಗಿರಗಿರ ತಿರುಗ್ತಾ ನಿಲ್ಲುತ್ತೆ.

ಬೋಟ್ ಹುಡುಕೋಕೆ ಶುರು ಮಾಡಿದಾಗ ವಿಡಿಯೋದಲ್ಲಿ ಎಲ್ರೂ ಎಷ್ಟು ತೂಕ ಹೊರುತ್ತೆ ಅಂತಲೇ ಮಾತಾಡ್ತಿದ್ರು. 9 ಅಡಿ ಬೋಟ್ 180 ಕೆಜಿ ಹೊರುತ್ತಂತೆ, ಸರಿ, ನಾನು ಊಟ ಆದ್ಮೇಲೂ 80 ದಾಟಲ್ಲ! ನಂಗೆ ಬೇಕಾಗಿದ್ದು ನಾನು ಆ ಬೋಟನ್ನ ಹೊರಬಲ್ಲೆನಾ ಅನ್ನೋದು. ಸ್ಟೀಲ್ ಫ್ರೇಮಿನ 9 ಅಡಿಯದು ಹತ್ರತ್ರ 35 ಕೆಜಿ ಬರುತ್ತೆ, ನಂದು ಬೆಂಗಳೂರಿನ ವಿಜಯನಗರದಲ್ಲಿ ಮೂರನೇ ಮಹಡಿ ಬಾಡಿಗೆ ಮನೆ, ಲಿಫ್ಟ್ ಇಲ್ಲ. ಓನರ್ ಆಂಟಿ "ಸ್ಕೂಟರ್ ನಿಲ್ಸೋ ಕಡೆ ಮೂಲೇಲಿ ಇಟ್ಕೊಳಪ್ಪ, ನಮ್ಗೇನೂ ಇಲ್ಲ" ಅಂದ್ರು ಪಾಪ, ಆದ್ರೆ ಅಲ್ಲಿ ಹೆಗ್ಗಣಗಳ ಕಾಟ ನೋಡಿದ್ದೀನಿ, ಕಾರಿನ ವೈರೇ ಬಿಡಲ್ಲ ಅವು, ಟ್ಯೂಬ್ ಬಿಡ್ತಾವಾ? ಹಾಗಾಗಿ 8 ಅಡಿ, ಅಲ್ಯೂಮಿನಿಯಂ ಫ್ರೇಮು, ಬಿಚ್ಚಿ ಎರಡು ಬ್ಯಾಗ್ ಮಾಡಿ ಎರಡು ಸಲ ಮೆಟ್ಲು ಹತ್ತೋ ಹಾಗೆ ಇರ್ಬೇಕು ಅಂತ ಡಿಸೈಡ್ ಮಾಡ್ದೆ. ಫ್ಲೋಟ್ ಟ್ಯೂಬ್ ಅಂತ ಇನ್ನೊಂದು ಬರುತ್ತೆ, ತುಂಬಾ ಹಗುರ, ಆದ್ರೆ ಅದ್ರಲ್ಲಿ ಸೊಂಟದವರೆಗೂ ನೀರಲ್ಲೇ ಕೂರ್ಬೇಕು. ನಮ್ಮ ಕೆರೆ ನೀರಿಗೆ ಬೆಂಗಳೂರಿಂದ ಏನೇನು ಹರಿದು ಬರುತ್ತೆ ಅಂತ ಗೊತ್ತಿರೋರು ಅದನ್ನ ತಗೊಳಲ್ಲ.

ಅಸಲಿ ವಿಷಯ ಮುಳ್ಳು. ಮಾಗಡಿ, ತುಮಕೂರು ಕಡೆ ಕೆರೆಗಳು ಎಷ್ಟೋ ವರ್ಷ ಒಣಗಿದ್ದು ಆಮೇಲೆ ತುಂಬಿರ್ತವೆ, ಒಣಗಿದ್ದಾಗ ಬೆಳೆದ ಜಾಲಿ ಅಲ್ಲೇ ನೀರೊಳಗೆ ನಿಂತಿರುತ್ತೆ, ಮೇಲಿಂದ ಕಾಣಲ್ಲ. ಗೊರೂರು ಹಿನ್ನೀರಲ್ಲಿ ಮರದ ಬೊಡ್ಡೆಗಳು. ಕುಚ್ಚು ಮೀನು ಇರೋದೂ ಅಂಥ ಕಡೆನೇ, ಏನ್ ಮಾಡೋದು. ಬೋಟಿನ ಟ್ಯೂಬಲ್ಲಿ ಎರಡು ಥರ ಇದೆ. ಒಂದು, ಹೊರಗೆ ದಪ್ಪ ಬಟ್ಟೆ ಕವರ್, ಒಳಗೆ ತೆಳ್ಳಗಿನ ಬ್ಲ್ಯಾಡರ್, ಸೈಕಲ್ ಟೈರು ಟ್ಯೂಬ್ ಇದ್ದ ಹಾಗೆ. ಇನ್ನೊಂದು, ಒಂದೇ ದಪ್ಪ ಪಿವಿಸಿ ಬಟ್ಟೆ, ಅದೇ ಗಾಳಿ ಹಿಡಿಯೋದು. ಎರಡನೇದು ಗಟ್ಟಿ, ಬೆಲೆನೂ ಜಾಸ್ತಿ, ಎಲ್ರೂ ಅದನ್ನೇ ರೆಕಮೆಂಡ್ ಮಾಡ್ತಾರೆ. ನಾನು ಬ್ಲ್ಯಾಡರ್ ಇರೋದೇ ತಗೊಂಡೆ. ಯಾಕಂದ್ರೆ ತೂತಾದ್ರೆ ಜಿಪ್ ತೆಗೆದು ಬ್ಲ್ಯಾಡರ್ ಹೊರಗೆ ಎಳೆದು, ಬಕೆಟ್ ನೀರಲ್ಲಿ ಅದ್ದಿ ಗುಳ್ಳೆ ನೋಡಿ, ಮನೇಲೇ ಪ್ಯಾಚ್ ಹಾಕ್ಬೋದು, ತೀರಾ ಹಾಳಾದ್ರೆ ಅದೊಂದನ್ನೇ ಬದಲಾಯಿಸ್ಬೋದು. ಒಂದ್ ಮಾತು, ಪಂಚರ್ ಅಂಗಡಿ ಸೊಲ್ಯೂಷನ್ ಇದಕ್ಕೆ ಹಿಡಿಯಲ್ಲ, ಅದು ರಬ್ಬರಿಗೆ ಮಾತ್ರ, ನನ್ನ ಬ್ಲ್ಯಾಡರೂ ಪಿವಿಸಿದೇ, ಅದಕ್ಕೆ ಪಿವಿಸಿ ಅಂಟೇ ಬೇಕು. ಹೊರಗಿನ ಕವರ್ ತಳಕ್ಕೆ ಕಲಾಸಿಪಾಳ್ಯದಲ್ಲಿ ಲಾರಿ ಟಾರ್ಪಾಲ್ ಹೊಲಿಯೋರ ಹತ್ರ ಇನ್ನೊಂದು ಪದರ ಹೊಲಿಸ್ಕೊಂಡೆ, ಸ್ವಲ್ಪ ಭಾರ ಆಯ್ತು ಆದ್ರೆ ನೆಮ್ಮದಿ.

ಬೋಟ್ ಸಿಕ್ಕಿದ್ದು ಸೆಕೆಂಡ್ ಹ್ಯಾಂಡು. ಅಮೆರಿಕದಿಂದ ವಾಪಸ್ ಬಂದ ಸಾಫ್ಟ್‌ವೇರ್ ಕುಟುಂಬ, ಗ್ಯಾರೇಜಲ್ಲಿದ್ದ ಸಾಮಾನೆಲ್ಲಾ ಶಿಪ್ಪಿಂಗ್ ಮಾಡಿಸ್ಕೊಂಡು ಬಂದು ಇಲ್ಲಿ ಇಡೋಕೆ ಜಾಗ ಇಲ್ದೆ ಮಾರ್ತಿದ್ರು. ಹೊಸದು ತರಿಸಿದ್ರೆ ಸಾಗಾಣಿಕೆ, ಕಸ್ಟಮ್ಸ್ ಎಲ್ಲಾ ಸೇರಿ ಎಲ್ಲಿಗೋ ಹೋಗುತ್ತೆ. ಹಳೇದು ನೋಡೋಕೆ ಹೋದಾಗ "ಸಾರ್, ಇವತ್ತು ಗಾಳಿ ತುಂಬಿ ಬಿಟ್ಟಿರಿ, ನಾಳೆ ಇದೇ ಟೈಮಿಗೆ ಬರ್ತೀನಿ" ಅಂದೆ. ಇಪ್ಪತ್ನಾಲ್ಕು ಗಂಟೆ ನಿಂತ್ರೆ ವ್ಯಾಪಾರ. ವಾಲ್ವ್ ಸುತ್ತ ಸೋಪ್ ನೀರು ಹಾಕಿ ನೋಡಿ, ಹಳೇ ಬೋಟಲ್ಲಿ ಗಾಳಿ ಹೋಗೋದು ಜಾಸ್ತಿ ಅಲ್ಲೇ.

ಗಾಳಿ ವಿಷಯ. ಕಾರ್ ಟೈರಿನ ಪಂಪ್ ತರಬೇಡಿ, ಅದು ಪ್ರೆಷರ್ ಕೊಡುತ್ತೆ, ಗಾಳಿ ಪ್ರಮಾಣ ಕೊಡಲ್ಲ, ಟ್ಯೂಬ್ ತುಂಬೋಷ್ಟರಲ್ಲಿ ಬೆಳಗಾಗಿ ಮೀನೆಲ್ಲಾ ಆಳಕ್ಕೆ ಹೋಗಿರ್ತವೆ. ದೊಡ್ಡ ಹ್ಯಾಂಡ್ ಪಂಪ್, ಎಳೆದಾಗಲೂ ಒತ್ತಿದಾಗಲೂ ಗಾಳಿ ಹೋಗೋ ಥರದ್ದು ಸಾಕು. ನನ್ನ ಬೋಟಿಗೆ ಬೇಕಿರೋದು 2 ಪಿಎಸ್‌ಐ ಪ್ರೆಷರ್ ಅಷ್ಟೇ. ಆದ್ರೆ 25 ಡಿಗ್ರಿ ಬೆಳಗ್ಗೆ 2 ಇಟ್ಟು ನೀರಿಂದ ದಡಕ್ಕೆ ಎಳೆದು ಬಿಸಿಲಲ್ಲಿ ಬಿಟ್ಟು ಟಿಫನ್ ಮಾಡೋಕೆ ಹೋದ್ರೆ, ಕಪ್ಪು ಕವರ್ ಒಳಗೆ 55 ಡಿಗ್ರಿ ಮುಟ್ಟಿದ್ರೆ ಲೆಕ್ಕದ ಪ್ರಕಾರ ಅದು ಮೂರೂವರೆ ದಾಟುತ್ತೆ, ಹೊಲಿಗೆ ಬಿಟ್ಕೊಳೋದು ಹಂಗೇನೆ. ದಡಕ್ಕೆ ಬಂದ ತಕ್ಷಣ ಸ್ವಲ್ಪ ಗಾಳಿ ಬಿಡಿ.

ಮೋಟರ್ ಹಾಕಿಲ್ಲ. ಮನೆ ಯುಪಿಎಸ್ ಬ್ಯಾಟರಿ ಹಾಕೋಣ ಅಂದ ಫ್ರೆಂಡಿಗೆ ಅದನ್ನ ಎತ್ತಿ ನೋಡು ಅಂದೆ, ಆ ಟ್ಯೂಬುಲರ್ ಬ್ಯಾಟರಿ 50 ಕೆಜಿ ಮೇಲೆ. ಲಿಥಿಯಂ ಆದ್ರೆ 12 ಕೆಜಿ ಆಸುಪಾಸು, ಅದಕ್ಕೆ ದುಡ್ಡು ಕೂಡಿಸ್ತಿದ್ದೀನಿ. ಮಳೆಗಾಲದಲ್ಲಿ ಪಶ್ಚಿಮದ ಗಾಳಿ ಹೊಡೆಯೋಕೆ ಶುರು ಆದ್ರೆ ಫಿನ್ಸಲ್ಲಿ ವಾಪಸ್ ಬರೋಕೆ ಆಗಲ್ಲ, ಹುಟ್ಟೇ ಗತಿ, ಅದಕ್ಕೆ ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಸುಸ್ತಾದ್ಮೇಲೆ ಗಾಳಿನೇ ತಂದು ಬಿಡುತ್ತೆ. ಲೈಫ್ ಜಾಕೆಟ್ ಹಾಕದೆ ಕೂರೋರ ಜೊತೆ ನಾನು ಹೋಗಲ್ಲ. ಬೆಲ್ಟಲ್ಲಿ ಒಂದು ಚಾಕು ಇರ್ಲಿ, ಬಲೆ ಬಿಟ್ಟಿರ್ತಾರೆ, ಫಿನ್ಸ್ ಸಿಕ್ಕಾಕೊಂಡ್ರೆ ಕಾಲೇ ಎತ್ತೋಕಾಗಲ್ಲ.

ಎಲ್ಲಿ ಇಳಿಸೋದು ಅಂತ ಬೋಟ್ ತಗೊಳೋ ಮುಂಚೆನೇ ವಿಚಾರಿಸಿ. ಕಾವೇರಿ ವನ್ಯಧಾಮದೊಳಗೆ ಗಾಳ ಹಾಕೋ ಹಾಗಿಲ್ಲ, ಭೀಮೇಶ್ವರಿಲಿ ಮಹಶೀರ್ ಮೀನು ಹಿಡಿದು ಬಿಡ್ತಿದ್ದ ಕಾಲ ಮುಗೀತು. ಹಳ್ಳಿ ಕೆರೆಗಳಲ್ಲಿ ಮೀನಿನ ಹಕ್ಕು ಸೊಸೈಟಿಯವರದ್ದೋ ಟೆಂಡರ್ ತಗೊಂಡವರದ್ದೋ ಇರುತ್ತೆ, ಅವ್ರೇ ಕಾಟ್ಲಾ ರೋಹು ಮರಿ ದುಡ್ಡು ಕೊಟ್ಟು ಬಿಟ್ಟಿರ್ತಾರೆ. ಮೊದ್ಲು ಅವ್ರನ್ನ ಹೋಗಿ ಮಾತಾಡ್ಸಿ. ನಾನು ಹೋಗೋ ಕೆರೆಯ ಯಜಮಾನ್ರು "ಕಾಟ್ಲಾ ಬಿದ್ರೆ ವಾಪಸ್ ಬಿಡ್ಬೇಕು, ಜಿಲೇಬಿ ಎಷ್ಟು ಬೇಕಾದ್ರೂ ಹೊತ್ಕೊಂಡ್ ಹೋಗು ಮಾರಾಯ, ಅದರ ಸಂತಾನ ಕಮ್ಮಿ ಆಗ್ಲಿ" ಅಂದಿದ್ದಾರೆ (ಜಿಲೇಬಿ ಅಂದ್ರೆ ತಿಲಾಪಿಯಾ ಮೀನು).