ಸೇನಾ ತುಕಡಿಯ ಕಲ್ಯಾಣ ಕೆಲಸ ನಿಮ್ಮ ಹೆಗಲಿಗೆ ಬಿದ್ದರೆ

ವಾಲಿಬಾಲ್ ನೆಟ್ ಕಟ್ಟಿ, ಬೇಡ ಅನ್ನುವುದಿಲ್ಲ. ಆದರೆ ಆಟಕ್ಕೆ ಹಾಜರಿ ತೆಗೆದುಕೊಳ್ಳಬೇಡಿ. ಕಡ್ಡಾಯವಾದ ಕೂಡಲೇ ಅದು ಇನ್ನೊಂದು ಪೆರೇಡ್. ಏನು ಆಡಬೇಕೆಂದು ಹುಡುಗರೇ ಆರಿಸಲಿ. ರಾತ್ರಿ ಕಾವಲು ಮುಗಿಸಿ ಬಂದವನಿಗೂ ಜಿಮ್ ತೆರೆದಿರಲಿ.

ಇದು ಸುಲಭದ ಭಾಗ. ಸೇವೆ ಮುಂದುವರಿಸುವುದೋ ಬಿಡುವುದೋ ತೀರ್ಮಾನವಾಗುವುದು ಬ್ಯಾರಕ್ಕಿನಲ್ಲಲ್ಲ, ಮನೆಯಲ್ಲಿ. ಅಮೆರಿಕ 1973ರಲ್ಲಿ ಸೇನೆಗೆ ಕಡ್ಡಾಯ ಭರ್ತಿ ನಿಲ್ಲಿಸಿತು. ಹತ್ತು ವರ್ಷದ ನಂತರ, 1983ರಲ್ಲಿ, ಅಲ್ಲಿನ ಸೇನಾ ಮುಖ್ಯಸ್ಥ ಜನರಲ್ ಜಾನ್ ವಿಕಮ್ ಸೈನಿಕ ಕುಟುಂಬಗಳ ಬಗ್ಗೆಯೇ ಶ್ವೇತಪತ್ರ ಹೊರಡಿಸಿದರು. ಬಲವಂತವಿಲ್ಲದ ಮೇಲೆ ಮನೆಯವರ ಮಾತಿಗೆ ತೂಕ ಬರಲೇಬೇಕಲ್ಲ!

ಆದ್ದರಿಂದ ತುಕಡಿ ಹೊರಡುವ ಮೊದಲೇ ಕುಟುಂಬಗಳನ್ನು ಕರೆಸಿ. ಸಂಬಳ ತಡವಾದರೆ, ಮಗುವಿಗೆ ಜ್ವರ ಬಂದರೆ, ಕ್ವಾರ್ಟರ್ಸ್ ಸೋರಿದರೆ ಯಾರಿಗೆ ಫೋನ್ ಮಾಡಬೇಕು? ಹೆಸರು, ನಂಬರ್ ಬರೆದುಕೊಡಿ. ಅಧಿಕಾರಿಯ ಪತ್ನಿಗೆ ಈ ಕೆಲಸ ಅಂಟಿಸಬೇಡಿ. ಜನ ಅವರೆದುರು ದೂರು ಹೇಳಲು ಹಿಂಜರಿಯುತ್ತಾರೆ. ಅವಿವಾಹಿತರ ತಂದೆತಾಯಿಯನ್ನೂ ಪಟ್ಟಿಗೆ ಸೇರಿಸಿ, ಅವರನ್ನು ಎಲ್ಲರೂ ಮರೆಯುತ್ತಾರೆ.

ರಜೆಯ ದಿನಾಂಕ ಕೊಟ್ಟರೆ ಉಳಿಸಿಕೊಳ್ಳಿ. ಒಮ್ಮೆ ರದ್ದಾದ ರಜೆಯ ಕಹಿಯನ್ನು ಯಾವ ಪಂದ್ಯಾವಳಿಯೂ ಅಳಿಸದು. ಸೇವೆ ಬಿಡುತ್ತಿರುವವರನ್ನು ಕೂರಿಸಿ ಕಾರಣ ಕೇಳಿ. ಸಾಧ್ಯವಾದರೆ ಅವರ ಮನೆಯವರನ್ನೂ.