ಎಲ್ಕ್, ಕಪ್ಪು ಕರಡಿ ಬೇಟೆಗೆ ಯಾವ ಗುಂಡು?

ಅಮೆರಿಕದ ಕೊಲೊರಾಡೊದಲ್ಲಿ ಈ ಸಲ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಮತ್ತು ಕಪ್ಪು ಕರಡಿ ಎರಡಕ್ಕೂ ಪರವಾನಗಿ ಪಡೆದವರಿಗೆ ಒಂದು ಮಾತು: ಕ್ಯಾಲಿಬರ್‌ಗಿಂತ, ಅಂದರೆ ಗುಂಡಿನ ವ್ಯಾಸಕ್ಕಿಂತ, ಮೊದಲು ಗುಂಡಿನ ರಚನೆಯನ್ನು ನೋಡಿ. .30-06 ಕ್ಯಾಲಿಬರ್‌ನ ರೈಫಲ್ ಇದ್ದರೆ 180 ಗ್ರೇನ್ (ಸುಮಾರು 11.7 ಗ್ರಾಂ) ತೂಕದ, ನೋಸ್ಲರ್ ಕಂಪನಿಯ ಪಾರ್ಟಿಷನ್ ಗುಂಡಿನಂಥದ್ದು ಎರಡಕ್ಕೂ ಸಾಕು. ನಡುವೆ ಲೋಹದ ಅಡ್ಡಗೋಡೆ ಇರುವುದರಿಂದ ಮುಂಭಾಗ ಅರಳಿದರೂ ಹಿಂಭಾಗ ಗಟ್ಟಿಯಾಗಿ ಉಳಿದು ಆಳಕ್ಕೆ ಇಳಿಯುತ್ತದೆ. ಬೇಗ ಚೂರಾಗುವ ತೆಳುಕವಚದ ಗುಂಡು ಬೇಡವೇ ಬೇಡ. ಎಲ್ಕ್‌ನ ಭುಜದ ಮೂಳೆ ಅದಕ್ಕೆ ಬಗ್ಗುವುದಿಲ್ಲ.

ಕರಡಿಯದು ಬೇರೆಯೇ ಕಷ್ಟ. ಶರತ್ಕಾಲದಲ್ಲಿ ಮೈತುಂಬ ಕೊಬ್ಬು; ಗುಂಡು ಹೊಕ್ಕ ತೂತನ್ನು ಅದೇ ಮುಚ್ಚಿಬಿಡುತ್ತದೆ, ಒಸರಿದ ರಕ್ತವನ್ನು ದಟ್ಟ ಕೂದಲು ಹೀರುತ್ತದೆ. ಗುಂಡು ಆಚೆ ಬದಿಯಿಂದ ಹೊರಬಿದ್ದರೆ ಜಾಡು ಹಿಡಿಯುವುದು ಸುಲಭ. ಗಾಯಗೊಂಡ ಪ್ರಾಣಿಯನ್ನು ಪೊದೆಯಲ್ಲಿ ನರಳಲು ಬಿಡಬಾರದು, ದಯವಿಟ್ಟು.

ಕ್ಯಾಲಿಫೋರ್ನಿಯಾದಲ್ಲಾದರೆ 2019ರ ಜುಲೈಯಿಂದ ಬೇಟೆಗೆ ಸೀಸರಹಿತ ಗುಂಡು ಕಡ್ಡಾಯ. ಅಲ್ಲಿ ತಾಮ್ರದ್ದನ್ನು ಕೊಳ್ಳಿ. ಗುಂಡು ಬದಲಿಸಿದ ಮೇಲೆ 100 ಗಜದಲ್ಲಿ ಗುರಿಯನ್ನು ಮತ್ತೆ ಹೊಂದಿಸಿಕೊಳ್ಳಿ.