ನೋಡುವುದು ಓಡುವಾಗಲೋ, ಬೆಳಿಗ್ಗೆ ಎದ್ದ ಮೇಲೋ?

ನಿದ್ದೆ, ಓಟ, ಎದೆಬಡಿತದ ಲೆಕ್ಕ ಇಡಲು ಬೆರಳಿಗೆ ಹಾಕುವ ಪರದೆಯಿಲ್ಲದ ರಿಂಗ್ ತಗೊಳ್ಳುವುದೋ, ಎಲ್ಲಾ ಇರುವ ಫಿಟ್‌ನೆಸ್ ವಾಚೋ? ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಮನೆಯಲ್ಲಿ ಕೈಗೆ ಕಟ್ಟುವ ಹಳೆಯ ಫಿಟ್‌ನೆಸ್ ಬ್ಯಾಂಡ್ ಇದ್ದರೆ ಹುಡುಕಿ ತೆಗೆಯಿರಿ. ಇಲ್ಲದಿದ್ದರೆ ತಮ್ಮನದೋ ಭಾವನದೋ ಕೇಳಿ. ಕೈ ಎತ್ತಿದರೆ ಬೆಳಗುವ ಸೆಟ್ಟಿಂಗ್ ಆಫ್ ಮಾಡಿ. ನೋಟಿಫಿಕೇಶನ್ ಕೂಡ ನಿಲ್ಲಿಸಿ. ಹತ್ತು ದಿನ ಹಾಗೇ ಕಟ್ಟಿಕೊಂಡು ಓಡಾಡಿ, ಲೆಕ್ಕ ಬೇಕೆಂದಾಗ ಫೋನಿನ ಆ್ಯಪ್ ನೋಡಿ. ಪರದೆಯಿಲ್ಲದ ಬದುಕು ಹೇಗಿರುತ್ತದೆ ಎಂದು ಪುಕ್ಕಟೆ ಗೊತ್ತಾಗುತ್ತದೆ.

ನಾನು ಹೀಗೆ ಮಾಡಿದಾಗ ಮೊದಲ ಎರಡು ದಿನ ಸುಮ್ಸುಮ್ನೆ ಮಣಿಕಟ್ಟು ನೋಡುತ್ತಿದ್ದೆ. ಬರೀ ಕಪ್ಪು ಗಾಜು. ಐದನೇ ದಿನಕ್ಕೆ ಮರೆತೇ ಹೋಯಿತು. ಆದರೆ ಭಾನುವಾರ ಲಾಲ್‌ಬಾಗ್‌ನಲ್ಲಿ ಓಡುವಾಗ ಪರದಾಡಿದೆ. ಕಿಲೋಮೀಟರಿಗೆ ಎಷ್ಟು ನಿಮಿಷ ಹಿಡಿಯುತ್ತಿದೆ ಅಂತ ತಿಳಿಯಲಿಲ್ಲ. ಶುರುವಿನಲ್ಲೇ ಜೋರಾಗಿ ಓಡಿ, ಬಂಡೆಯ ಹತ್ತಿರ ಬರುವಷ್ಟರಲ್ಲಿ ಏದುಸಿರು ಬಿಡುತ್ತಾ ಕೂತೆ.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ಲೆಕ್ಕ ನಿಮಗೆ ಯಾವಾಗ ಬೇಕು? ಓಡುವಾಗಲೇ ಬೇಕಿದ್ದರೆ ಪರದೆ ಮತ್ತು ಜಿಪಿಎಸ್ ಇರುವ ವಾಚ್ ತಗೊಳ್ಳಿ. ನಿದ್ದೆ ಹೇಗಾಯಿತು, ಮೈ ದಣಿವು ಆರಿದೆಯಾ ಎಂದು ಬೆಳಿಗ್ಗೆ ನೋಡಿದರೆ ಸಾಕು ಎನ್ನುವವರಿಗೆ ಬೆಂಗಳೂರಿನ ಅಲ್ಟ್ರಾಹ್ಯೂಮನ್, ಫಿನ್ಲೆಂಡಿನ ಔರಾ ಕಂಪನಿಗಳ ರಿಂಗ್ ಇವೆ. ಮಣಿಕಟ್ಟಿಗೆ ಕಟ್ಟುವ, ಪರದೆಯಿಲ್ಲದ ಅಮೆರಿಕದ ವೂಪ್‌ನಂಥ ಪಟ್ಟಿಯೂ ಇದೆ.

ಆಮೇಲೆ ನಿಮ್ಮ ಕೈ ಏನೇನು ಕೆಲಸ ಮಾಡುತ್ತದೆ ನೋಡಿ. ಇದನ್ನು ಯಾರೂ ಯೋಚಿಸುವುದಿಲ್ಲ. ನಮ್ಮ ಅತ್ತಿಗೆ ಆಸೆಪಟ್ಟು ರಿಂಗ್ ತಗೊಂಡರು. ಮುದ್ದೆ ಕಟ್ಟುವಾಗ ಬಿಚ್ಚಿಡುತ್ತಾರೆ, ಹಿಟ್ಟು ನಾದುವಾಗ ಬಿಚ್ಚಿಡುತ್ತಾರೆ. ಬೆರಳಲ್ಲಿ ಇದ್ದದ್ದಕ್ಕಿಂತ ಸಾಸಿವೆ ಡಬ್ಬಿಯ ಪಕ್ಕ ಇದ್ದದ್ದೇ ಜಾಸ್ತಿ. ಜಿಮ್‌ನಲ್ಲಿ ಡಂಬೆಲ್ ಎತ್ತುವವರಿಗೂ ಇದೇ ಕಥೆ, ಲೋಹಕ್ಕೆ ಲೋಹ ಉಜ್ಜಿ ಗೀರು ಬೀಳುತ್ತದೆ. ಇಂಥವರಿಗೆ ಪರದೆಯಿಲ್ಲದ್ದೇ ಬೇಕಿದ್ದರೆ ಪಟ್ಟಿ ವಾಸಿ.

ರಿಂಗೇ ಸರಿ ಎನಿಸಿದರೆ ಅಳತೆಗೆ ಅವಸರ ಮಾಡಬೇಡಿ. ಕಂಪನಿಗಳು ಅಳತೆ ನೋಡಲು ಪ್ಲಾಸ್ಟಿಕ್ ಉಂಗುರಗಳ ಸೆಟ್ ಕೊಡುತ್ತವೆ. ಒಂದು ಪೂರ್ತಿ ಹಗಲು, ಒಂದು ರಾತ್ರಿ ಹಾಕಿಕೊಂಡಿರಿ. ಬಿಸಿಲಿಗೆ, ಉಪ್ಪು ಜಾಸ್ತಿ ತಿಂದಾಗ ಬೆರಳು ಊದುತ್ತದೆ, ಚಳಿಗೆ ಸಣ್ಣಗಾಗುತ್ತದೆ. ಬೆರಳು ಊದಿ ಉಂಗುರ ಬಿಗಿಯುವಂತೆ ಅನಿಸಿದರೆ ಕೂಡಲೇ ತೆಗೆಯಿರಿ.

ಬೆಲೆಯನ್ನು ಮೂರು ವರ್ಷಕ್ಕೆ ಲೆಕ್ಕ ಹಾಕಿ. ಔರಾದ ಎಲ್ಲಾ ವಿವರ ನೋಡಲು ಅಮೆರಿಕದಲ್ಲಿ ತಿಂಗಳಿಗೆ 5.99 ಡಾಲರ್ ಚಂದಾ. 36 ತಿಂಗಳಿಗೆ 215 ಡಾಲರ್ ದಾಟುತ್ತದೆ, ಉಂಗುರದ ಬೆಲೆ ಬೇರೆ. ವೂಪ್ ಪೂರ್ತಿ ಚಂದಾದ ಮೇಲೇ ನಡೆಯುತ್ತದೆ. ರಿಂಗಿನ ಬ್ಯಾಟರಿ ಸತ್ತರೆ ಬದಲಿಸಲು ಬರುವುದಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ.

ಚಾರ್ಜಿಂಗ್ ಕೂಡ ಸಣ್ಣ ವಿಷಯ ಅಲ್ಲ. ದಿನಾ ಚಾರ್ಜ್ ಕೇಳುವ ವಾಚನ್ನು ರಾತ್ರಿ ಪ್ಲಗ್‌ಗೆ ಹಾಕಿದರೆ ನಿದ್ದೆಯ ಲೆಕ್ಕ ಎಲ್ಲಿಂದ ಬರಬೇಕು? ಸ್ನಾನಕ್ಕೆ ಹೋಗುವಾಗ ಚಾರ್ಜ್‌ಗೆ ಹಾಕುವ ಅಭ್ಯಾಸ ಮಾಡಿಕೊಳ್ಳಿ.

ಯಾವುದು ತಗೊಂಡರೂ ಒಳಗಿರುವುದು ಹೆಚ್ಚುಕಡಿಮೆ ಒಂದೇ ಉಪಾಯ: ಚರ್ಮದೊಳಕ್ಕೆ ಬೆಳಕು ಬಿಟ್ಟು ರಕ್ತದ ಏರಿಳಿತ ನೋಡುವುದು. ವಾಚನ್ನೋ ಪಟ್ಟಿಯನ್ನೋ ಮಣಿಕಟ್ಟಿನ ಮೂಳೆಯ ಮೇಲೆ ಬಳೆಯಂತೆ ಸಡಿಲವಾಗಿ ಕಟ್ಟಿದರೆ ಲೆಕ್ಕ ತಪ್ಪುತ್ತದೆ. ಮೂಳೆಯಿಂದ ಒಂದೆರಡು ಬೆರಳು ಮೇಲಕ್ಕೆ, ಜಾರದಷ್ಟು ಬಿಗಿಯಾಗಿ ಕಟ್ಟಿ.